ಗ್ರೇಟರ್ ನೋಯ್ಡಾದ ದಿಡ್ಡಿ ಬಾಗಿಲು

ಕೊರಳಿಗೆ ಬಿಗಿದದ್ದು ಹಗ್ಗವಲ್ಲ... ನೆಟ್‌ವರ್ಕ್ ಕೇಬಲ್!

ನೀಲಿ ಬಣ್ಣದ್ದು. ಹೊಚ್ಚ ಹೊಸದು. ಇಷ್ಟು ವರ್ಷ ಇದೇ ಕೇಬಲ್ ಎಳೆದು ಅನ್ನ ತಿಂದವನು ನಾನು. ಕೊನೆಗೆ ಅದೇ ನನ್ನ ಕುತ್ತಿಗೆಗೆ ಬಂತು.

ಕರೋಲ್ ಬಾಗ್. ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯ ಮೆಟ್ಟಿಲು. ಹಾಡುಹಗಲು! ಕೆಳಗೆ ರಸ್ತೆಯಲ್ಲಿ ದೀಪಾವಳಿ ವ್ಯಾಪಾರ. 'ಸೌ ಮೇ ತೀನ್, ಸೌ ಮೇ ತೀನ್' ಎಂದು ನೂರಕ್ಕೆ ಮೂರು ಅಂಗಿ ಮಾರುವವನ ಗಂಟಲಿನ ಮುಂದೆ ನನ್ನ ಕೂಗು ಯಾರಿಗೆ ಕೇಳಬೇಕು? ಕೂಗಲು ಉಸಿರೂ ಇರಲಿಲ್ಲ ಬಿಡಿ.

ಹಿಂದಿನಿಂದ ಹಿಡಿದವನು ಪೈಲ್ವಾನ. ಮುಖ ಕಾಣುತ್ತಿರಲಿಲ್ಲ. ಅವನ ಎದೆ ಮಾತ್ರ ನನ್ನ ಬೆನ್ನಿಗೆ ಒತ್ತಿಕೊಂಡಿತ್ತು. ಎದುರಿಗೆ ನಿಂತವನು ತೆಳ್ಳಗಿನ ಯುವಕ. ಟೈ, ಕನ್ನಡಕ, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗ್.

"ಅಂಕಲ್," ಎಂದ ಅವನು. "ಆ ಪೇಪರ್ ಡೂಪ್ಲಿಕೇಟ್ ಅಂತ ಫೋನಲ್ಲಿ ಹೇಳಿದ್ರಲ್ಲ... ಸಚ್ಚಿ?"

ಕನ್ನಡ!

ಕರೋಲ್ ಬಾಗ್‌ನ ಮೆಟ್ಟಿಲ ಮೇಲೆ ನನ್ನ ಕೊಲೆ ನಡೆಯುತ್ತಿದೆ... ಅದೂ ಕನ್ನಡದಲ್ಲಿ!

ದೆಹಲಿ ಕನ್ನಡಿಗರೆಲ್ಲ ಮಾಡುವ ತಪ್ಪನ್ನೇ ನಾನೂ ಮಾಡಿದ್ದೆ ನೋಡಿ. ಬಸ್ಸಿನಲ್ಲಿ, ಲಿಫ್ಟಿನಲ್ಲಿ, ಅಂಗಡಿಯವನ ಎದುರಿಗೇ 'ಇವನು ಟೋಪಿ ಹಾಕ್ತಾನೆ ಕಣೇ' ಎಂದು ಗಂಡ ಹೆಂಡತಿ ಧಾರಾಳವಾಗಿ ಮಾತಾಡಿಕೊಳ್ಳುತ್ತಾರೆ. ಇಲ್ಲಿ ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯ. ಸ್ವಲ್ಪ ಹೊತ್ತಿನ ಹಿಂದೆ ಇದೇ ಮೆಟ್ಟಿಲ ಮೇಲೆ ನಿಂತು ನಾನೂ ಫೋನಿನಲ್ಲಿ ಎಲ್ಲವನ್ನೂ ಒದರಿದ್ದೆ.

ಉಸಿರು ಇನ್ನೂ ಚೂರು ಉಳಿದಿದೆ. ಅಷ್ಟರಲ್ಲಿ ಬೆಳಗಿನ ಕತೆ ಹೇಳಿಬಿಡುತ್ತೇನೆ.

ನನ್ನ ಹೆಸರು ಇಂದುಶೇಖರ. ಐವತ್ತರ ಹತ್ತಿರ ಬಂದಿದ್ದೇನೆ. ಮೊಣಕಾಲು ನನಗಿಂತ ಮೊದಲೇ ಅರವತ್ತು ದಾಟಿದೆ. ಟೆಲಿಫೋನ್ ಇಲಾಖೆಯ ನೌಕರಿ ಬಿಟ್ಟು, ಕಂಪನಿಗಳ ಕಂಪ್ಯೂಟರಿಗೆ ಕಳ್ಳ ನುಗ್ಗಿದರೆ ಪತ್ತೆ ಮಾಡಿಕೊಡುವ ಕೆಲಸ ಹಿಡಿದೆ. ನುಗ್ಗುವ ಮೊದಲು ನನ್ನನ್ನು ಯಾರೂ ಕರೆಯುವುದಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ... ಆ ಬಾಗಿಲು ಹಾಕುವವನೇ ನಾನು.

ಬೆಳಿಗ್ಗೆ ಮಯೂರ್ ವಿಹಾರ್‌ನ ಮನೆಯಲ್ಲಿ ಕಾಫಿಗೆ ಕೈ ಹಾಕಿದ್ದೆ. ಫೋನ್ ಬಂತು.

"ಇಂದುಶೇಖರ್, ಪೇಪರ್ ಹೋಯ್ತು ಕಣ್ರೀ!"

ಬಸವಲಿಂಗಪ್ಪನವರು. ಕೇಂದ್ರ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಈಗ ಗ್ರೇಟರ್ ನೋಯ್ಡಾದಲ್ಲಿ 'ನಿಕಷ ಟೆಸ್ಟಿಂಗ್' ಎಂಬ ಕಂಪನಿಯ ಡೈರೆಕ್ಟರ್. ಕಾಲೇಜುಗಳಿಗೆ ಪ್ರವೇಶ ಪರೀಕ್ಷೆ ನಡೆಸಿಕೊಡುವ ಕಂಪನಿ ಅದು. ದೆಹಲಿಯ ಕನ್ನಡದ ಸಮಾರಂಭಗಳಲ್ಲಿ ಇವರಿಲ್ಲದೆ ದೀಪ ಹೊತ್ತುವುದಿಲ್ಲ.

"ಯಾವ ಪೇಪರ್ ಸರ್?"

"ನರ್ಸಿಂಗ್ ಎಂಟ್ರೆನ್ಸ್! ಭಾನುವಾರ ಪರೀಕ್ಷೆ, ಇವತ್ತಾಗಲೇ ಪ್ರಶ್ನೆಪತ್ರಿಕೆ ಮಾರ್ಕೆಟ್ಟಲ್ಲಿದೆ. ಕಳ್ಳಿ ಸಿಕ್ಕಿದ್ದಾಳೆ. ನೀವು ಬಂದು ಟೆಕ್ನಿಕಲ್ ಆಗಿ ಒಂದು ಮಾತು ಹೇಳಿ ಸಾಕು. ಸಂಜೆ ಪೊಲೀಸಿಗೆ ಒಪ್ಪಿಸ್ತೀನಿ."

"ಯಾರು ಸರ್ ಕಳ್ಳಿ?"

"ನಮ್ಮ ನೆಟ್‌ವರ್ಕ್ ನೋಡ್ಕೊಳ್ಳೋ ಹುಡುಗಿ, ವೈಜಯಂತಿ. ನಮ್ಮ ಕಡೆಯವಳು ಅಂತ ನಾನೇ ಕರೆದು ಕೆಲಸ ಕೊಟ್ಟಿದ್ದೆ. ನಂಬಿಕೆಗೆ ಬೆಲೆನೇ ಇಲ್ಲ ಬಿಡ್ರೀ!"

ಕಾಫಿ ಅಲ್ಲೇ ಬಿಟ್ಟು ಹೊರಟೆ. ಎಕ್ಸ್‌ಪ್ರೆಸ್‌ವೇ ಉದ್ದಕ್ಕೂ ಧೂಳು, ಹೊಗೆ, ಅರ್ಧ ಕಟ್ಟಿದ ಅಪಾರ್ಟ್‌ಮೆಂಟುಗಳು. ನನ್ನ ಸ್ಯಾಂಟ್ರೋ ಕೂಡ ನನ್ನ ಹಾಗೇ ಕೆಮ್ಮುತ್ತ ಓಡಿತು.

ವೈಜಯಂತಿಯನ್ನು ಕಾನ್ಫರೆನ್ಸ್ ರೂಮಿನಲ್ಲಿ ಕೂರಿಸಿದ್ದರು. ಬಾಗಿಲಲ್ಲಿ ಗಾರ್ಡ್. ಮೊಬೈಲ್ ಕಿತ್ತುಕೊಂಡಿದ್ದರು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಅತ್ತು ಮುಗಿಸಿ ಮುಖ ತೊಳೆದುಕೊಂಡು ಕೂತಿದ್ದಳು.

"ಸರ್ವರ್‌ನಲ್ಲಿ ನನ್ನ ಹೆಸರೇ ಇದೆ ಸರ್," ಎಂದಳು. "ನಾನೇ ಮನೆಯಿಂದ ಲಾಗಿನ್ ಆಗಿ ಪೇಪರ್ ಕಾಪಿ ಮಾಡಿದೀನಿ ಅಂತ ತೋರಿಸ್ತಿದೆ. ನಾನಲ್ಲ. ನೀವೂ ನಂಬಲ್ಲ ಬಿಡಿ."

"ನಂಬೋದು ನನ್ನ ಕೆಲಸ ಅಲ್ಲಮ್ಮ. ಫೈರ್‌ವಾಲ್ ಎಲ್ಲಿದೆ ತೋರಿಸು."

ಫೈರ್‌ವಾಲ್ ಎಂದರೆ ದೊಡ್ಡ ಮಾಯೆಯೇನಲ್ಲ. ಹಳೆಯ ವಿಸಿಆರ್ ಗಾತ್ರದ ಒಂದು ಪೆಟ್ಟಿಗೆ. ಕಂಪನಿಗೂ ಇಂಟರ್ನೆಟ್ಟಿಗೂ ನಡುವೆ ಕೂತ ಕಾವಲುಗಾರ. ಹೊರಗಿನಿಂದ ಬಂದವರನ್ನು ಅದು ತಡೆದು ವಿಚಾರಿಸುತ್ತದೆ. 'ಇವಳು ವೈಜಯಂತಿ, ಬಿಡು' ಎಂದು ಅದು ಹೇಳಿತೋ, ಒಳಗಿನ ಸರ್ವರ್ ಮರುಮಾತಾಡದೆ ಬಿಡುತ್ತದೆ. ಅಂದರೆ ಕಾವಲುಗಾರನನ್ನೇ ಬುಟ್ಟಿಗೆ ಹಾಕಿಕೊಂಡವನು ಯಾರ ಹೆಸರಿನಲ್ಲಿ ಬೇಕಾದರೂ ಒಳಗೆ ಬರಬಹುದು.

"ಇದನ್ನ ಹಾಕಿದ್ದು ಯಾರು?"

"ಕರೋಲ್ ಬಾಗ್‌ನ ಡೀಲರ್ ಸರ್. ಸಚದೇವ ಅಂತ."

ನಿಟ್ಟುಸಿರು ಬಿಟ್ಟೆ. ಈ ಡೀಲರ್‌ಗಳ ಪದ್ಧತಿ ನನಗೆ ಬಾಯಿಪಾಠ. ಕರೋಲ್ ಬಾಗ್‌ನಿಂದ ಗ್ರೇಟರ್ ನೋಯ್ಡಾಕ್ಕೆ ಬಂದು ಹೋಗುವುದೆಂದರೆ ಒಬ್ಬ ಎಂಜಿನಿಯರಿನ ಇಡೀ ದಿನ ಹೋಯಿತು. ಅದಕ್ಕೇ ಪೆಟ್ಟಿಗೆ ಕೂರಿಸುವಾಗಲೇ ತಮಗೆಂದು ಒಂದು ದಿಡ್ಡಿ ಬಾಗಿಲು ಬಿಟ್ಟುಕೊಳ್ಳುತ್ತಾರೆ. ತಮ್ಮ ಆಫೀಸಿನಲ್ಲಿ ಸಮೋಸ ತಿನ್ನುತ್ತಲೇ ಇಂಟರ್ನೆಟ್ಟಿನಿಂದ ಒಳಗೆ ಬಂದು ರಿಪೇರಿ ಮಾಡುತ್ತಾರೆ. ಎಲ್ಲ ಗಿರಾಕಿಗಳ ಪೆಟ್ಟಿಗೆಗೂ ಒಂದೇ ಪಾಸ್‌ವರ್ಡ್. ನೆನಪಿಡಲು ಸುಲಭ ನೋಡಿ! ಕಳ್ಳನಿಗೂ ಸುಲಭ.

"ಆ ರಿಮೋಟ್ ಬಾಗಿಲು?"

"ಬೇಸಿಗೆಯಲ್ಲೇ ಮುಚ್ಚಿದೀನಿ ಸರ್. ಹೊರಗಿನಿಂದ ಯಾರೂ ಈ ಬಾಕ್ಸ್ ಮುಟ್ಟೋ ಹಾಗಿಲ್ಲ."

ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿ ನೋಡಿದೆ.

ಬಾಗಿಲು ಹಾರುಹೊಡೆದಿತ್ತು!

ವೈಜಯಂತಿ ಪರದೆ ನೋಡಿದಳು. ಮುಖದ ಬಣ್ಣ ಇಳಿದುಹೋಯಿತು. "ಇಲ್ಲ ಸರ್... ನಾನು ಮುಚ್ಚಿದ್ದೆ. ನನ್ನ ಕೈಯಾರೆ ಮುಚ್ಚಿ ಹೊರಗಿನಿಂದ ಪರೀಕ್ಷೆನೂ ಮಾಡಿದ್ದೆ."

"ಈ ಬಾಕ್ಸ್ ಎಂದಾದರೂ ಆಫ್ ಆಗಿತ್ತಾ?"

"ಆಗಲ್ಲ ಸರ್. ಯುಪಿಎಸ್ ಇದೆ, ಜನರೇಟರ್ ಇದೆ."

ಪೆಟ್ಟಿಗೆ ಬೇರೆಯೇ ಹೇಳುತ್ತಿತ್ತು. ದಸರಾದಿಂದ ಈಚೆಗಷ್ಟೇ ತಾನು ಎಚ್ಚರವಾಗಿದ್ದೇನೆ ಎನ್ನುತ್ತಿತ್ತು.

"ದಸರಾಕ್ಕೆ ನೀನೆಲ್ಲಿದ್ದೆ?"

"ರಜಾ ಹಾಕಿ ದಾವಣಗೆರೆಗೆ ಹೋಗಿದ್ದೆ. ತಂಗಿ ನಿಶ್ಚಿತಾರ್ಥ ಇತ್ತು."

ಆಗ ನಾನು ಬಗ್ಗಿ ಪೆಟ್ಟಿಗೆಯ ಮುಖವನ್ನು ಸರಿಯಾಗಿ ನೋಡಿದೆ. ಮೂರು ಬೆರಳಿನ ವಿಭೂತಿ. ನಡುವೆ ಕುಂಕುಮ. ಗಾಳಿಕಂಡಿಯಲ್ಲಿ ಒಣಗಿದ ಒಂದು ಸೇವಂತಿಗೆ.

ಡೈರೆಕ್ಟರ್ ಕೋಣೆಗೆ ಅವಳನ್ನೂ ಕರೆದುಕೊಂಡು ಹೋದೆ.

"ಸರ್, ಆಯುಧಪೂಜೆ ಮಾಡಿದ್ರಾ?"

"ಮಾಡದೆ? ದೆಹಲಿಗೆ ಬಂದ್ರೆ ಸಂಪ್ರದಾಯ ಬಿಡ್ತೀವಾ? ಕಾರು, ಲಿಫ್ಟು, ಜನರೇಟರು, ಕಂಪ್ಯೂಟರು, ಎಲ್ಲಕ್ಕೂ ನಾನೇ ನಿಂತು ಮಾಡಿಸ್ದೆ. ಕುಂಬಳಕಾಯಿ ಒಡೆದ್ವಿ. ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

"ಫೈರ್‌ವಾಲ್ ಆಫ್ ಮಾಡಿಸಿದ್ರಾ?"

ನಾನೇನೋ ಅಪಚಾರದ ಮಾತಾಡಿದೆ ಎಂಬಂತೆ ನೋಡಿದರು.

"ಆಯುಧಪೂಜೆ ದಿನ ಯಂತ್ರ ಓಡಿಸ್ತಾರೇನ್ರೀ? ವರ್ಷವಿಡೀ ದುಡಿಯುತ್ತೆ, ಒಂದು ದಿನ ವಿಶ್ರಾಂತಿ ಬೇಡ್ವಾ? ಎಲ್ಲ ಆಫ್ ಮಾಡಿಸಿ ಮಂಗಳಾರತಿ ಎತ್ತಿ ಮರುದಿನ ಆನ್ ಮಾಡಿಸ್ದೆ."

ವೈಜಯಂತಿ ಕಣ್ಣು ಮುಚ್ಚಿಕೊಂಡಳು. ಅವಳಿಗೆ ಆಗಲೇ ಅರ್ಥವಾಗಿತ್ತು.

"ಸೇವ್ ಮಾಡಿರಲಿಲ್ಲ ಸರ್," ಎಂದಳು ನನಗೆ. "ಬಾಗಿಲು ಮುಚ್ಚಿದ ದಿನ... ಸೇವ್ ಕೊಡೋದು ಮರೆತೆ."

ಈ ಪೆಟ್ಟಿಗೆಗಳಿಗೊಂದು ಕೆಟ್ಟ ಚಾಳಿ ಇದೆ. ಹೇಳಿದ್ದನ್ನು ಆ ಕ್ಷಣವೇ ಕೇಳುತ್ತವೆ. ಆದರೆ 'ಇದನ್ನು ಉಳಿಸಿಕೋ' ಎಂದು ಬೇರೆಯಾಗಿ ಹೇಳದಿದ್ದರೆ, ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕು, ಎಲ್ಲ ಮರೆತು ಹಳೆಯದಕ್ಕೇ ಹೋಗುತ್ತವೆ. ಬೇಸಿಗೆಯಿಂದ ಅದು ಆಫ್ ಆಗಲೇ ಇಲ್ಲ, ಹಾಗಾಗಿ ಮರೆವು ಬೆಳಕಿಗೆ ಬರಲಿಲ್ಲ. ದಸರಾದಲ್ಲಿ ಆಫ್ ಆಯಿತು. ಮರುದಿನ ಎದ್ದಾಗ ಸಚದೇವನ ಬಾಗಿಲು ತೆರೆದುಕೊಂಡೇ ಎದ್ದಿತು. ಯಾರೋ ಒಳಗೆ ಬಂದ. ಪೆಟ್ಟಿಗೆಯಲ್ಲಿದ್ದ ವೈಜಯಂತಿಯ ಪಾಸ್‌ವರ್ಡ್ ಬದಲಾಯಿಸಿದ. ಅವಳ ಹೆಸರಿನಲ್ಲೇ ಸರ್ವರಿಗೆ ಹೋಗಿ ಪೇಪರ್ ಎತ್ತಿದ.

"ಹೋದ ವಾರ ಮನೆಯಿಂದ ಲಾಗಿನ್ ಆಗಲೇ ಇಲ್ಲ ಸರ್," ಎಂದಳು. "ನಾನೇ ಪಾಸ್‌ವರ್ಡ್ ಮರೆತೆ ಅಂದ್ಕೊಂಡು ಆಫೀಸಿಗೆ ಬಂದು ಹೊಸದು ಹಾಕ್ಕೊಂಡೆ."

ಬಸವಲಿಂಗಪ್ಪನವರಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರ ಮುಖ ಮೆಲ್ಲಗೆ ಗಂಟಿಕ್ಕಿತು.

"ಅಂದ್ರೆ ಬಾಗಿಲು ತೆಗೆದಿದ್ದು ನಾನು ಅಂತೀರಾ?"

"ಇವಳು ಮುಚ್ಚಿದ ಬಾಗಿಲು ನಿಮ್ಮ ಮಂಗಳಾರತಿಗೆ ತೆರೆಯಿತು ಅಂತೀನಿ."

"ಇದು ಹೊರಗೆ ಹೋಗಬಾರದು," ಎಂದರು ತಗ್ಗಿದ ದನಿಯಲ್ಲಿ. "ಬೋರ್ಡ್ ಮೀಟಿಂಗಲ್ಲಿ ನಗ್ತಾರ್ರೀ. ಮದರಾಸಿ ಮುದುಕ ಪೂಜೆ ಮಾಡೋಕ್ ಹೋಗಿ ಪೇಪರ್ ಕಳೆದ ಅಂತಾರೆ. ಬಾಗಿಲು ಇವಳೇ ತೆಗೆದಳು ಅಂತ ಇರಲಿ."

"ಅವಳು ಜೈಲಿಗೆ ಹೋಗ್ತಾಳೆ ಸರ್!"

"ಹಾಗಾದ್ರೆ ಕಳ್ಳನ್ನ ತಂದ್ಕೊಡಿ. ಸಂಜೆ ಇನ್‌ಸ್ಪೆಕ್ಟರ್ ಬರೋದ್ರೊಳಗೆ. ಆಮೇಲೆ ನೋಡೋಣ."

ನನಗೆ ಸಿಟ್ಟು ಬಂತು. ನಿಜವಾಗಿ ಬಂತು. ಆದರೆ ಈ ವಯಸ್ಸಿನಲ್ಲಿ ಸಿಟ್ಟು ಬಂದರೆ ಮೊದಲು ಹೊಟ್ಟೆ ಉರಿಯುತ್ತದೆ. ಗ್ಯಾಸಿನ ಮಾತ್ರೆ ಬಾಯಿಗೆ ಹಾಕಿಕೊಂಡು ಬಲೆ ಹೆಣೆಯಲು ಕೂತೆ.

ಬಲೆ ಸರಳ. ವೈಜಯಂತಿ ಒಂದು ಸುಳ್ಳು ಪ್ರಶ್ನೆಪತ್ರಿಕೆ ತಯಾರಿಸಿ ಸರ್ವರಿಗೆ ಹಾಕಿದಳು. 'ಬದಲಾದ ಪೇಪರ್, ಅಂತಿಮ' ಎಂದು ಹೆಸರು. ಬಸವಲಿಂಗಪ್ಪನವರು ಸಚದೇವನ ಆಫೀಸಿಗೆ ಫೋನ್ ಮಾಡಿ, ಪೇಪರ್ ಬದಲಾಯಿಸಿದ್ದೇವೆ, ಇವತ್ತು ಪ್ರಿಂಟಿಗೆ ಹೋಗಬೇಕು, ಲೈನ್ ಸರಿಯಿದೆಯಾ ನೋಡಿ ಎಂದರು. ದಿಡ್ಡಿ ಬಾಗಿಲು ಹಾಗೇ ತೆರೆದಿತ್ತು. ವೈಜಯಂತಿ ಡೈರೆಕ್ಟರ್ ಎದುರಿಗೆ ಕೈಕಟ್ಟಿ ಕೂರಬೇಕು, ಪರದೆ ನೋಡಬೇಕು, ಕೀಬೋರ್ಡ್ ಮುಟ್ಟಬಾರದು. ಅವಳ ಹೆಸರಿನಲ್ಲಿ ಯಾರಾದರೂ ಬಂದರೆ ಡೈರೆಕ್ಟರ್ ಮೇಜಿನ ಸ್ಪೀಕರ್ ಫೋನಿನಿಂದ ನನಗೆ ಹೇಳಬೇಕು.

ನಾನು ಕರೋಲ್ ಬಾಗ್‌ಗೆ ಹೊರಟೆ. ದೀಪಾವಳಿ ಹತ್ತಿರ ಬಂದಾಗ ಅಲ್ಲಿಗೆ ಕಾರು ತರುವವನು ಹುಚ್ಚ. ಇಂದ್ರಪ್ರಸ್ಥ ಸ್ಟೇಷನ್ನಿನಲ್ಲಿ ಸ್ಯಾಂಟ್ರೋ ನಿಲ್ಲಿಸಿ ಮೆಟ್ರೋ ಹಿಡಿದೆ.

ಸಚದೇವನ ಆಫೀಸು ಮೂರನೆಯ ಮಹಡಿ. ಮೆಟ್ಟಿಲ ಮೇಲೊಬ್ಬ ಪೈಲ್ವಾನ ಕಡಲೆಕಾಯಿ ಸುಲಿಯುತ್ತ ಕೂತಿದ್ದ. ಕಿವಿಗಳು ಕುಸ್ತಿಯಲ್ಲಿ ಮುರುಟಿಹೋಗಿದ್ದವು. ಪಕ್ಕದಲ್ಲಿ ಕೇಬಲ್ ಸುರುಳಿಗಳ ರಾಶಿ. ನಾನು ಅವನನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಗಾಜಿನ ಬಾಗಿಲಿನಿಂದ ಒಳಗೆ ಇಣುಕಿದೆ. ಊಟದ ಹೊತ್ತು. ಕುರ್ಚಿಗಳೆಲ್ಲ ಖಾಲಿ. ಒಬ್ಬನೇ ಯುವಕ ಲ್ಯಾಪ್‌ಟಾಪಿನ ಮುಂದೆ.

ಫೋನ್ ಹೊಡೆದುಕೊಂಡಿತು.

"ಸರ್! ಬಂದ! ನನ್ನ ಹೆಸರಲ್ಲೇ ಬಂದ! ನಾನು ಕೈಕಟ್ಟಿ ಕೂತಿದೀನಿ, ಡೈರೆಕ್ಟರ್ ಸರ್ ಕಣ್ಣಾರೆ ನೋಡ್ತಿದಾರೆ!"

ಸಂತೋಷಕ್ಕೆ ನನ್ನ ದನಿ ಏರಿತು. "ಬಿಡಮ್ಮ, ತಗೊಳ್ಳಲಿ! ಡೂಪ್ಲಿಕೇಟ್ ಪೇಪರ್ ತಾನೇ! ಆಸಾಮಿ ಇಲ್ಲೇ ಇದಾನೆ, ಟೈ ಕಟ್ಕೊಂಡಿದಾನೆ, ನನ್ನ ಕಣ್ಣೆದುರಿಗೇ ಇದಾನೆ!"

ಗಾಜಿನ ಆಚೆ ಆ ಟೈ ತಟ್ಟನೆ ತಲೆಯೆತ್ತಿತು. ಬ್ಯಾಗ್ ಹೆಗಲಿಗೇರಿಸಿ ಹೊರಗೆ ಬಂತು. ಪೈಲ್ವಾನನಿಗೆ ಕಣ್ಣು ಹೊಡೆಯಿತು...

ಉಳಿದದ್ದು ನಿಮಗೆ ಗೊತ್ತು.

"ಸಚ್ಚಿ ಡೂಪ್ಲಿಕೇಟಾ ಅಂಕಲ್?" ಮತ್ತೆ ಕೇಳಿದ. ಕಣ್ಣಲ್ಲಿ ನೀರಿತ್ತು.

"ಕ್ಯಾ ಬೋಲ್ ರಹೇ ಹೋ ತುಮ್ ಲೋಗ್?" ಹಿಂದಿನಿಂದ ಪೈಲ್ವಾನ ಗುರುಗುಟ್ಟಿದ.

"ಕುಛ್ ನಹೀ. ಮಾಫೀ ಮಾಂಗ್ ರಹಾ ಹೈ," ಎಂದ ಯುವಕ. ನಾನು ಕ್ಷಮೆ ಕೇಳುತ್ತಿದ್ದೇನಂತೆ!

ನನಗೆ ಆಗ ಹೊಳೆಯಿತು. ಪೈಲ್ವಾನನಿಗೆ ಕನ್ನಡ ಬಾರದು! ಪೇಪರ್ ಕೊಳ್ಳುವವರು ಕಾವಲಿಗೆ ಕಳಿಸಿದ ಆಳಿರಬೇಕು, ಪೇಪರ್ ಸುಳ್ಳು ಎಂಬುದು ಅವನಿಗಿನ್ನೂ ಗೊತ್ತಿಲ್ಲ!

"ಡೂಪ್ಲಿಕೇಟೇ," ಎಂದೆ, ಇದ್ದ ಉಸಿರಿನಲ್ಲಿ. "ಇವನ ಕಡೆಯವರಿಗೆ ಅದನ್ನೇ ಮಾರ್ತೀಯ... ಭಾನುವಾರ ಒಂದು ಪ್ರಶ್ನೆಯೂ ಬರಲ್ಲ... ಆಮೇಲೆ ಈ ಕೇಬಲ್ ಯಾರ ಕುತ್ತಿಗೆಗೆ?"

ಅವನು ಬೆವೆತ. ಯೋಚಿಸಿದ. "ಭಾಯಿಸಾಬ್, ಥೋಡಾ ಢೀಲಾ ಕರೋ," ಎಂದ. "ಮರ್ ಜಾಯೇಗಾ."

ಹಿಡಿತ ಒಂದು ಎಳೆ ಸಡಿಲವಾಯಿತು.

ನನಗೆ ಅಷ್ಟೇ ಬೇಕಿತ್ತು. ಪ್ಯಾಂಟಿನ ಜೇಬಿನಲ್ಲಿ ಯಾವಾಗಲೂ ಕ್ರಿಂಪಿಂಗ್ ಟೂಲ್ ಇರುತ್ತದೆ. ಕೇಬಲ್ಲಿನ ತುದಿಗೆ ಪ್ಲಗ್ ಕಚ್ಚಿಸುವ ಇಕ್ಕಳ. ತೆಗೆದೆ. ಪೈಲ್ವಾನನ ಹೆಬ್ಬೆರಳಿಗೆ ಇಟ್ಟೆ. ಎರಡೂ ಕೈ ಸೇರಿಸಿ ಒತ್ತಿದೆ!

ಕಟ್ಟಡ ನಡುಗುವಂತೆ ಕಿರುಚಿದ. ಅವನ ಕಿರುಚಾಟ ಮಾತ್ರ ಕೆಳಗಿನ ಅಂಗಿ ಮಾರುವವನಿಗೂ ಕೇಳಿಸಿರಬೇಕು.

ಅಷ್ಟರಲ್ಲಿ ಟೈ ಕಟ್ಟಿದವನು ಮೆಟ್ಟಿಲಿಳಿದು ಓಡಿದ್ದ. ನಾನೂ ಓಡಿದೆ... ಓಡಿದೆ ಎನ್ನುವುದು ಗೌರವಕ್ಕೆ. ಕುಂಟುತ್ತ ಇಳಿದೆ. ರಸ್ತೆಗೆ ಬಂದರೆ ಕಾಲಿಡಲು ಜಾಗವಿಲ್ಲ. ಹಣತೆ, ಸೀರಿಯಲ್ ಬಲ್ಬು, ಮಿಠಾಯಿ ಡಬ್ಬಿ, ಜನ, ಜನ, ಜನ. ದೂರದಲ್ಲಿ ಅವನ ಲ್ಯಾಪ್‌ಟಾಪ್ ಬ್ಯಾಗ್ ಕುಣಿಯುತ್ತ ಮೆಟ್ರೋ ಕಡೆಗೆ ಹೋಗುತ್ತಿತ್ತು.

ಸೈಕಲ್ ರಿಕ್ಷಾ ಹತ್ತಿದೆ. "ಭಯ್ಯಾ, ಮೆಟ್ರೋ! ಜಲ್ದೀ!"

"ಇಸ್ ಭೀಡ್ ಮೇ?" ಈ ಜನಸಂದಣಿಯಲ್ಲಾ, ಎಂದು ನಕ್ಕ ಅವನು. ನನಗೂ ನಗು ಬಂತು. ಬೆನ್ನಟ್ಟುವುದೆಂದರೆ ನನ್ನದು ಇದು. ಎತ್ತಿನ ಗಾಡಿಯಾದರೂ ಇದಕ್ಕಿಂತ ಬೇಗ ಹೋಗುತ್ತಿತ್ತು. ಹಿಂದೆ ತಿರುಗಿ ನೋಡಿದೆ. ಪೈಲ್ವಾನ ಹೆಬ್ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಜನರನ್ನು ಸೀಳಿಕೊಂಡು ಬರುತ್ತಿದ್ದ. ಅಂಗಿಯಡಿ ಸೊಂಟದಲ್ಲಿ ಏನೋ ಉಬ್ಬಿತ್ತು.

ನಾಡ ಪಿಸ್ತೂಲು!

ಮೆಟ್ರೋ ಸ್ಟೇಷನ್ನಿನಲ್ಲಿ ನನ್ನ ಆಸಾಮಿ ಸಿಕ್ಕಿಬಿದ್ದಿದ್ದ. ಯಾರೂ ಹಿಡಿದಿರಲಿಲ್ಲ. ತಪಾಸಣೆಯ ಕ್ಯೂ! ಹಬ್ಬದ ಜನಜಂಗುಳಿ, ಒಬ್ಬೊಬ್ಬರನ್ನೂ ತಡವಿ ಬಿಡುತ್ತಿದ್ದ ಭದ್ರತಾ ಪಡೆಯ ಜವಾನರು. ಅವನು ನಡುವೆ ನಿಂತು ಉಗುರು ಕಚ್ಚುತ್ತಿದ್ದ. ನಾನು ಹೋಗಿ ಅವನ ಹಿಂದೆಯೇ ನಿಂತೆ. ಬೈಗುಳ ತಿಂದೆ, ಆದರೂ ನಿಂತೆ.

"ಹೆಸರೇನಪ್ಪ?"

ಬೆಚ್ಚಿದ. "ಸು... ಸುಹಾಸ್."

"ಸುಹಾಸ್, ಹಿಂದೆ ನೋಡು. ನಿನ್ನ ಭಾಯಿಸಾಬ್ ಬರ್ತಿದಾನೆ. ನೀನು ಅವನನ್ನ ಬಿಟ್ಟು ಓಡಿದ್ದು ನೋಡಿದಾನೆ. ನೀನೂ ನಾನೂ ಒಂದೇ ಭಾಷೆಯವರು ಅನ್ನೋದೂ ಅವನಿಗೆ ಗೊತ್ತಾಗಿದೆ. ಈಗ ನೀನೇ ಹೇಳು, ಅವನ ಜೊತೆ ಹೋಗ್ತೀಯಾ, ನನ್ನ ಜೊತೆ ಬರ್ತೀಯಾ?"

"ಪೊಲೀಸ್‌ಗೆ ಕೊಡ್ತೀರಾ?"

"ಕೊಡ್ತೀನಿ. ಜೀವಂತ ಕೊಡ್ತೀನಿ."

ಪೈಲ್ವಾನ ಕ್ಯೂವಿನ ಬಾಲದವರೆಗೆ ಬಂದ. ಲೋಹಪತ್ತೆಯ ಚೌಕಟ್ಟು ನೋಡಿದ. ಜವಾನನ ಬಂದೂಕು ನೋಡಿದ. ಸೊಂಟ ಮುಟ್ಟಿಕೊಂಡು ನಿಂತಲ್ಲೇ ನಿಂತ. ಸುಹಾಸ್ ನನ್ನ ಅಂಗಿಯ ತೋಳು ಹಿಡಿದುಕೊಂಡ.

"ಚಲೋ ಅಂಕಲ್," ಎಂದ.

ರೈಲಿನಲ್ಲಿ ನಿಂತೇ ಬಂದೆವು. ಸುಹಾಸ್ ಹುಟ್ಟಿ ಬೆಳೆದದ್ದು ದೆಹಲಿಯಲ್ಲಿ. ಅಪ್ಪ ಯಾವುದೋ ಸಚಿವಾಲಯದಲ್ಲಿ ಗುಮಾಸ್ತ. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ.

"ಎಲ್ಲ ಬಾಕ್ಸ್‌ಗೂ ಡೇಲಿ ಟ್ರೈ ಮಾಡ್ತಾ ಇದ್ದೆ," ಎಂದ. "ನಿಕಷ ಬಂದ್ ಥಾ, ಸಮ್ಮರ್ ಸೇ. ದಸರಾ ಆದ್ಮೇಲೆ ಏಕ್‌ದಮ್ ಓಪನ್! ನಂಗೆ ತಕ್ಷಣ ಗೊತ್ತಾಯ್ತು. ನಮ್ಮಪ್ಪನೂ ಆಯುಧಪೂಜೆಗೆ ಸ್ಕೂಟರ್, ಟಿವಿ, ಎಲ್ಲಾ ಬಂದ್ ಮಾಡ್ತಾರೆ. ಬೇರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ವೈಜಯಂತಿ ಹೆಸರೇ ಯಾಕೆ?"

"ಲಿಸ್ಟ್‌ನಲ್ಲಿ ಲಾಸ್ಟ್ ಇತ್ತು ಅಂಕಲ್. ಅಷ್ಟೇ."

ಅಷ್ಟೇ! ಆ ಹುಡುಗಿಯ ಬದುಕು ಇವನಿಗೆ ಪಟ್ಟಿಯ ಕೊನೆಯ ಸಾಲು. ಹೊಡೆಯಬೇಕು ಎನಿಸಿತು. ಕೈ ಎತ್ತಲೂ ದಣಿವಾಗಿತ್ತು.

"ಅಪ್ಪನಿಗೆ ಹೇಳ್ಬೇಡಿ, ಪ್ಲೀಸ್," ಎಂದ. ಇಂದ್ರಪ್ರಸ್ಥದಲ್ಲಿ ಇಳಿದು ಅವನನ್ನು ಸ್ಯಾಂಟ್ರೋದಲ್ಲಿ ಕೂರಿಸಿದೆ.

ನಿಕಷದ ಅಂಗಳದಲ್ಲಿ ಪೊಲೀಸ್ ಜೀಪು ನಿಂತಿತ್ತು. ಒಳಗೆ ಸೈಬರ್ ಸೆಲ್ಲಿನ ಇನ್‌ಸ್ಪೆಕ್ಟರ್ ತ್ಯಾಗಿ ಟೀ ಕುಡಿಯುತ್ತಿದ್ದ. ಮೇಜಿನ ಒಂದು ಬದಿಗೆ ವೈಜಯಂತಿ, ಇನ್ನೊಂದು ಬದಿಗೆ ಬಸವಲಿಂಗಪ್ಪನವರು. ಬಾಗಿಲಲ್ಲಿ ಮಹಿಳಾ ಕಾನ್‌ಸ್ಟೆಬಲ್. ಕರೆದೊಯ್ಯಲು ಸಿದ್ಧವಾಗಿಯೇ ಬಂದಿದ್ದರು.

ಸುಹಾಸ್ ಎಲ್ಲವನ್ನೂ ಒಪ್ಪಿಕೊಂಡ. ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟ. ತ್ಯಾಗಿ ಹಿಂದಿಯಲ್ಲಿ ಮಾತಾಡಿದ, ನಾನು ಕನ್ನಡದಲ್ಲೇ ಹೇಳುತ್ತೇನೆ.

"ಸರಿ. ಕಳ್ಳ ಸಿಕ್ಕ. ಆದ್ರೆ ಬೇಸಿಗೆಯಿಂದ ಬಾಗಿಲು ಮುಚ್ಚಿತ್ತು, ದಸರಾದಲ್ಲಿ ತೆರೀತು ಅಂತಾನೆ ಇವನು. ಅಂದ್ರೆ ಒಳಗಿನವರು ಯಾರೋ ಇವನಿಗೆ ತೆರೆದುಕೊಟ್ಟಿದಾರೆ. ಯಾರು?"



ಬಸವಲಿಂಗಪ್ಪನವರು ಟೀ ಲೋಟ ನೋಡಿದರು. ಕಿಟಕಿ ನೋಡಿದರು. ಆಮೇಲೆ ವೈಜಯಂತಿಯನ್ನು ನೋಡಿದರು.

ತ್ಯಾಗಿಯ ಕಣ್ಣೂ ಅವಳ ಕಡೆಗೇ ಹೋಯಿತು. ಮಹಿಳಾ ಕಾನ್‌ಸ್ಟೆಬಲ್ ಒಂದು ಹೆಜ್ಜೆ ಮುಂದೆ ಬಂದಳು.

"ನಾನು ಮುಚ್ಚಿದ್ದೆ ಸರ್," ಎಂದಳು ವೈಜಯಂತಿ. "ಸೇವ್ ಮಾಡೋದು ಮರೆತಿದ್ದೆ. ಅದು ನನ್ನ ತಪ್ಪು. ಆದ್ರೆ ನಾನು ತೆರೀಲಿಲ್ಲ."

"ಮತ್ತೆ ತಾನಾಗೇ ತೆರೀತಾ?"

ಅವಳು ಡೈರೆಕ್ಟರ್ ಕಡೆ ಬೆರಳು ತೋರಿಸಲಿಲ್ಲ. ಕೆಲಸ ಕೊಟ್ಟವರು.  ನನ್ನ ಕೊರಳು ಇನ್ನೂ ಉರಿಯುತ್ತಿತ್ತು. ನಾನು ಬಸವಲಿಂಗಪ್ಪನವರ ಪಕ್ಕ ಹೋಗಿ ಕನ್ನಡದಲ್ಲಿ ಮೆಲ್ಲಗೆ ಹೇಳಿದೆ.

"ಸರ್, ಅವಳು ತನ್ನ ಪಾಲಿನ ತಪ್ಪು ಒಪ್ಕೊಂಡ್ಳು. ಇನ್ನರ್ಧ ನಿಮ್ಮ ಬಾಯಲ್ಲೇ ಬರಲಿ ಅಂತ ಕಾಯ್ತಿದೀನಿ. ನಾನು ಹೇಳಿದ್ರೆ ಮರ್ಯಾದೆ ಹೋಗುತ್ತೆ. ನೀವೇ ಹೇಳಿದ್ರೆ ಉಳಿಯುತ್ತೆ."

ಮುದುಕರು ಮೇಜಿಗೆ ಕೈಯೂರಿದರು. ಎದ್ದು ನಿಂತರು.

"ಮೈನೇ ಬಂದ್ ಕರವಾಯಾ ಥಾ," ಎಂದರು. "ನಾನೇ ಆಫ್ ಮಾಡಿಸಿದ್ದು. ಈ ಮಗು ಊರಲ್ಲೇ ಇರಲಿಲ್ಲ."

"ಯಾಕೆ?"

"ಪೂಜೆಗೆ."

ತ್ಯಾಗಿ ನಗುತ್ತಾನೆ ಎಂದು ಕಾದೆ. ಬಸವಲಿಂಗಪ್ಪನವರೂ ಕಾದರು. ಅವನು ನಗಲಿಲ್ಲ. ಲೋಟ ಕೆಳಗಿಟ್ಟ. ಅವನ ಮುಖ ವಿಚಿತ್ರವಾಯಿತು.

"ನಾವೂ ಮಾಡ್ತೀವಿ," ಎಂದ ನಿಧಾನವಾಗಿ. "ವಿಶ್ವಕರ್ಮ ಪೂಜೆಗೆ. ಸೆಲ್ಲಿನ ಎಲ್ಲ ಮಷೀನೂ ಬಂದ್ ಮಾಡಿ ತಿಲಕ ಇಡ್ತೀವಿ."

"ನಿಮ್ಮಲ್ಲಿ ಫೈರ್‌ವಾಲ್ ಯಾರು ಹಾಕಿದ್ದು ಇನ್‌ಸ್ಪೆಕ್ಟರ್ ಸಾಬ್?" ಎಂದು ಕೇಳಿದೆ. ಉತ್ತರ ನನಗೆ ಬೇಕಿರಲಿಲ್ಲ. ಸುಹಾಸ್ ಆಗಲೇ ತಲೆ ತಗ್ಗಿಸಿ ನೆಲ ನೋಡುತ್ತಿದ್ದ.

"ಸಚದೇವ," ಎಂದ ತ್ಯಾಗಿ.

 ವೈಜಯಂತಿ ಎದ್ದಳು. ಯಾರನ್ನೂ ಕೇಳದೆ ಸರ್ವರ್ ರೂಮಿಗೆ ಹೋದಳು. ನಾನೂ ಹಿಂದೆ ಹೋದೆ. ಹೊರಗಿನ ಬಾಗಿಲು ಮುಚ್ಚಿದಳು. ಡೀಲರಿನ ಪಾಸ್‌ವರ್ಡ್ ಕಿತ್ತುಹಾಕಿದಳು. ಸೇವ್ ಮಾಡಿದಳು. ಆಮೇಲೆ ಸ್ವಿಚ್ಚಿಗೆ ಕೈ ಹಾಕಿ ಪೆಟ್ಟಿಗೆಯನ್ನು ಆಫ್ ಮಾಡಿ, ಮತ್ತೆ ಆನ್ ಮಾಡಿ, ಬಾಗಿಲು ಮುಚ್ಚಿಯೇ ಇದೆಯೇ ಎಂದು ಹೊರಗಿನಿಂದ ತಟ್ಟಿ ನೋಡಿದಳು. ಮುಚ್ಚಿತ್ತು. ಆಗ ಮಾತ್ರ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ನಾನು ತಡೆಯಲಿಲ್ಲ. ಕೊರಳ ಮೇಲಿನ ಕೇಬಲ್ ಗುರುತು ಉಜ್ಜಿಕೊಳ್ಳುತ್ತ ನಿಂತೆ. 

ಹೊರಗೆ ಬಂದಾಗ ಬಸವಲಿಂಗಪ್ಪನವರು ಬಾಗಿಲಲ್ಲೇ ನಿಂತಿದ್ದರು. ಅವಳ ಮೊಬೈಲ್ ಅವರ ಕೈಯಲ್ಲಿತ್ತು. ಎರಡೂ ಕೈಯಿಂದ ಕೊಟ್ಟರು.

"ಸೋಮವಾರ ಬರ್ತೀಯೇನಮ್ಮ?"

"ಯೋಚನೆ ಮಾಡ್ತೀನಿ ಸರ್," ಎಂದಳು.

ತ್ಯಾಗಿ ಗಂಟಲು ಸರಿಮಾಡಿಕೊಂಡ. ಇಷ್ಟು ಹೊತ್ತು 'ಲಡಕೀ' ಎನ್ನುತ್ತಿದ್ದವನು.

"ಮೇಡಮ್... ಒಂದರ್ಧ ಗಂಟೆ ನಮ್ಮ ಆಫೀಸಿಗೆ ಬರೋಕಾಗುತ್ತಾ? ಆ ಡಬ್ಬಾ ಒಂದು ಸಲ ನೋಡಿಬಿಡಿ. ಗೋಪ್ಯವಾಗಿ."

ಅವಳು ನನ್ನ ಮುಖ ನೋಡಿದಳು. ನಾನು ಹೆಗಲು ಹಾರಿಸಿದೆ. ಮೊಣಕಾಲು ಇನ್ನೊಂದು ಆಫೀಸು ತಾಳುವ ಹಾಗಿರಲಿಲ್ಲ. ನನ್ನ ಕ್ರಿಂಪಿಂಗ್ ಟೂಲ್ ಅವಳ ಕೈಗೆ ಕೊಟ್ಟೆ.

ಜೀಪು ಬಂದದ್ದು ವೈಜಯಂತಿಯನ್ನು ಒಯ್ಯಲು. ಒಯ್ದದ್ದೂ ಅವಳನ್ನೇ... ಮುಂದಿನ ಸೀಟಿನಲ್ಲಿ!